ಚುಪ್ ಗಾಡಿಯ ಹಳೆ ಬ್ಯಾಟರಿಗಳು

ಅಲಿಪುರ, ಕೋಲ್ಕತಾ
12 ಜೂನ್ 2006

ಅಕ್ಕಾ, ನಮಸ್ಕಾರ.

ಮೊದಲೇ ಬರೆದುಬಿಡುತ್ತೇನೆ: ಮೂವರೂ ಆರೋಗ್ಯವಾಗಿದ್ದೇವೆ. ಇದನ್ನು ಮೇಲೆ ಬರೆಯದಿದ್ದರೆ ನೀನು ಕನ್ನಡಕ ಏರಿಸಿಕೊಂಡು ನೇರ ಕೊನೆಯ ಸಾಲಿಗೆ ಹೋಗುತ್ತೀಯ. ಭಾನುವಾರ ಫೋನಿನಲ್ಲಿ ನಾನು ಕಿರುಚಿದ್ದು ಪಕ್ಕದ ಕ್ವಾರ್ಟರ್ಸಿನವರಿಗೆ ಕೇಳಿಸಿತು, ಮೈಸೂರಿನಲ್ಲಿ ಕೂತ ನಿನಗೆ ಕೇಳಿಸಲಿಲ್ಲ. ನಿನ್ನ ಕಿವಿಗೆ ಮಿಷನ್ ಹಾಕಿಸಿಕೊಳ್ಳಲು ನೀನು ಒಪ್ಪುವವರೆಗೆ ನಮಗೆ ಪತ್ರವೇ ಗತಿ.

ನನ್ನ ಕರೆಂಟು ಕಾರಿಗೆ ಈ ತಿಂಗಳು ಮೂರು ವರ್ಷ ತುಂಬಿತು. ಆ ಗೊಂಬೆ ಗಾಡಿ ಇನ್ನೂ ಓಡುತ್ತಿದೆಯಾ ಎಂದು ಕೇಳಿದ್ದೆಯಲ್ಲ, ಓಡುತ್ತಿದೆ. ದಿನಾ ಗಾರ್ಡನ್ ರೀಚ್‌ನ ಆಫೀಸಿಗೆ ಹೋಗಿ ಬರುತ್ತದೆ, ಶನಿವಾರ ಕಾಳಿಘಾಟ್ ಮಾರ್ಕೆಟ್ಟಿಗೆ ಮಹಾಲಕ್ಷ್ಮಿಯನ್ನು ಕರೆದುಕೊಂಡು ಹೋಗುತ್ತದೆ. ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಎಂದು ಮಾರುವಾಗ ಹೇಳಿದ್ದರು. ಇಲ್ಲಿನ ಟ್ರಾಫಿಕ್ಕಿನಲ್ಲಿ ಐವತ್ತೈದು ಬಂದ ದಿನ ಮಹಾಲಕ್ಷ್ಮಿಗೆ ಕರೆದು ಹೇಳುತ್ತೇನೆ, ನಲವತ್ತು ಬಂದ ದಿನ ಸುಮ್ಮನಿರುತ್ತೇನೆ. ಏಸಿ ಹಾಕುವ ಮಾತೇ ಇಲ್ಲ. ನಮ್ರತಾ ತನ್ನ ಸಾಫ್ಟ್‌ವೇರ್ ಕಂಪನಿಯ ಮುಂದೆ ಇದರಿಂದ ಇಳಿಯಲು ಒಪ್ಪುವುದಿಲ್ಲ. "ಅಪ್ಪಾ ಪ್ಲೀಸ್, ಸೆಕ್ಟರ್ ಫೈವ್‌ವರೆಗೂ ಹೋಗತ್ತೆ, ವಾಪಸ್ ಬರಲ್ಲ" ಅನ್ನುತ್ತಾಳೆ. ನಾಲ್ಕು ಜನ ದೊಡ್ಡವರು ಕೂರುವಂತಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಮುಂದೆ ಇಬ್ಬರು, ಹಿಂದೆ ಒಂದೆರಡು ಮಕ್ಕಳು.

ಆದರೆ ಹೊಗೆ ಇಲ್ಲ ಅಕ್ಕಾ. ಸೀಮೆಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು ಇಲ್ಲಿನ ಆಟೋಗಳು ಕಾರುವ ನೀಲಿ ಹೊಗೆಯಲ್ಲಿ ಟ್ರಾಫಿಕ್ ಪೊಲೀಸಿನವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿರುತ್ತಾನೆ. ಅವನ ಪಕ್ಕ ಹೊಗೆ ಬಿಡದೆ ನಿಲ್ಲುವ ಒಂದೇ ಗಾಡಿ ನನ್ನದು. ಆ ಸಿಗ್ನಲ್ಲಿನಲ್ಲಿ ನನಗೆ ಸ್ವಲ್ಪ ಜಂಬ ಬರುತ್ತದೆ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದವನಿಗೆ ಅಷ್ಟೂ ಬೇಡವೇ?

ಮನೆಗೆಲಸಕ್ಕೆ ಬರುವ ಝರ್ನಾ ನಿನಗೆ ಗೊತ್ತಲ್ಲ, ಕಸ್ಬಾ ಕಡೆಯವಳು. ಅವಳ ಮಗಳು ಟುಕುಗೆ ಈಗ ಐದು ವರ್ಷ. ನನ್ನನ್ನು ದಾದು, ಅಂದರೆ ತಾತ, ಎನ್ನುವ ಅವಳು ಸದ್ದಿಲ್ಲದೆ ಓಡುತ್ತದೆಂದು ಕಾರಿಗೆ ಚುಪ್ ಗಾಡಿ ಎಂದು ಹೆಸರಿಟ್ಟಿದ್ದಾಳೆ. ಸೀಟಿನ ಕೆಳಗೆ ಎಂಟು ಬ್ಯಾಟರಿಗಳಿವೆ. ಯಾವುದಕ್ಕೆ ನೀರು ಹಾಕಿದೆ, ಯಾವುದಕ್ಕೆ ಇಲ್ಲ ಎಂದು ಗೊಂದಲವಾಗಬಾರದೆಂದು ಬಿಳಿ ಬಣ್ಣದಲ್ಲಿ ೧ರಿಂದ ೮ರವರೆಗೆ ನಮ್ಮ ಅಂಕಿಗಳನ್ನೇ ಬರೆದಿದ್ದೇನೆ. ಭಾನುವಾರ ನಾನು ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಎಣಿಸಿದರೆ ಅವಳೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಾಳೆ. ಐದರವರೆಗೆ ಅಚ್ಚ ಕನ್ನಡ, ಆಮೇಲೆ ಬಂಗಾಳಿಗೆ ಹಾರಿ ಛೊಯ್, ಶಾತ್, ಆಟ್. ನಮ್ರತಾಳಿಗಿಂತ ಇವಳ ಉಚ್ಚಾರಣೆಯೇ ಚೆನ್ನಾಗಿದೆ.

ಬ್ಯಾಟರಿಗಳಿಗೆ ವಯಸ್ಸಾಗಿದೆ. ದುರ್ಗಾಪೂಜೆಯ ಹೊತ್ತಿಗೆ ಹೊಸ ಸೆಟ್ಟು ಹಾಕಿಸಬೇಕು.

ನಿನ್ನ ಓಂಕಾರ

*

ಮೈಸೂರು
24 ಜೂನ್ 2006

ಓಂಕಾರಾ,

ಜಂಬದ ಪತ್ರ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಕೆಂಪು ಪೆನ್ನು ಹಿಡಿದುಕೊಂಡು. ಮಿಡ್ಲ್ ಸ್ಕೂಲಿನ ಹೆಣ್ಣುಮಕ್ಕಳಿಗೆ ಮೂವತ್ತೊಂದು ವರ್ಷ ವಿಜ್ಞಾನ ಹೇಳಿದವಳ ಕೈ ಸುಮ್ಮನಿರುವುದಿಲ್ಲ.

ಹೊಗೆ ಇಲ್ಲ ಎಂದು ಬರೆದಿದ್ದೀಯ. ಇಲ್ಲ ಎನ್ನಬೇಡ, ನಿನಗೆ ಕಾಣುವುದಿಲ್ಲ ಎನ್ನು. ಕಿಟಕಿಯಿಂದ ಎಳೆದ ವೈರಿನ ಇನ್ನೊಂದು ತುದಿ ಎಲ್ಲಿದೆ? ಕಲ್ಲಿದ್ದಲು ಸುಡುವ ಕಡೆ ಇದೆ. ನಮ್ಮ ಒಲೆಯನ್ನು ಎತ್ತಿ ಪಕ್ಕದ ಮನೆಯಲ್ಲಿಟ್ಟು, ನಮ್ಮ ಅಡಿಗೆಮನೆಯಲ್ಲಿ ಮಸಿಯೇ ಇಲ್ಲ ಎಂದು ಬೀಗಿದ ಹಾಗಾಯಿತು. ಇದು ಮೊದಲನೆಯ ಪ್ರಶ್ನೆ. ಇದಕ್ಕೆ ನೀನು ಏನಾದರೂ ಅಂಕಿಅಂಶ ಹುಡುಕಿ ತರುತ್ತೀಯ, ಚಿಕ್ಕಂದಿನಿಂದಲೂ ಹಾಗೆಯೇ.

ಎರಡನೆಯದು. ಬ್ಯಾಟರಿ ಬದಲಾಯಿಸುತ್ತೇನೆ ಎಂದಿದ್ದೀಯ. ಹಳೆಯದು ಎಲ್ಲಿಗೆ ಹೋಗುತ್ತದೆ? ಅದರೊಳಗೆ ಸೀಸವಿದೆ, ಆಸಿಡ್ ಇದೆ. ಎಂಟು ಬ್ಯಾಟರಿ ಎಂದರೆ ಎಷ್ಟು ಸೀಸ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇದು ಬರೀ ಹರಟೆಯಲ್ಲ. ಪಕ್ಕದ ಮನೆಯ ಅಶ್ವತ್ಥನಾರಾಯಣ ಅವರು ಹೆಂಡತಿಯ ಮಂಡಿನೋವಿಗಾಗಿ ಅದೇ ಕಾರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಕಾಂಪೌಂಡಿನ ಆಚೆಯಿಂದ ದಿನಾ ಕೇಳುತ್ತಾರೆ, "ತುಂಗಮ್ಮನೋರೆ, ನಿಮ್ಮ ತಮ್ಮ ಏನಂತಾರೆ?" ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರುವವರೆಗೆ ನಾನು ಹೂಂ ಎನ್ನುವುದಿಲ್ಲ.

ಟುಕು ಆರನ್ನು ಯಾವಾಗ ಕನ್ನಡದಲ್ಲಿ ಹೇಳುತ್ತಾಳೋ ಅವತ್ತು ನನಗೆ ಬರೆ.

ತುಂಗಕ್ಕ

*

ಅಲಿಪುರ
14 ಸೆಪ್ಟೆಂಬರ್ 2006, ಗುರುವಾರ

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಷನ್ನಿಗೆ ಆದ್ರಾ ಜಂಕ್ಷನ್ನಿಗೆ ಹೊರಟಿದ್ದೇನೆ, ಬರುವುದು ಒಂದು ವಾರವಾಗುತ್ತದೆ.

ನಿನ್ನ ಮೊದಲನೆಯ ಪ್ರಶ್ನೆಗೆ ಎರಡು ತಿಂಗಳು ಯೋಚಿಸಿದೆ. ನೀನು ಹೇಳಿದ್ದು ಅರ್ಧ ನಿಜ. ಕಲ್ಲಿದ್ದಲು ಸುಡುತ್ತದೆ, ಆದರೆ ಊರಾಚೆ, ಎತ್ತರದ ಚಿಮಣಿಯ ಕೆಳಗೆ. ಪೆಟ್ರೋಲು ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೂ ಜನರ ಮೂಗಿನ ಮುಂದೆಯೇ ಸುಡುತ್ತಿರುತ್ತದೆ, ನನ್ನದು ನಿಂತರೆ ನಿಂತಂತೆ. ಗೆದ್ದೆ ಎನ್ನುವುದಿಲ್ಲ, ಸೋತಿಲ್ಲ ಎನ್ನುತ್ತೇನೆ.

ಎರಡನೆಯದಕ್ಕೂ ವ್ಯವಸ್ಥೆಯಾಯಿತು. ಹೊಸ ಸೆಟ್ಟು ಇವತ್ತು ಕೂತಿತು. ಹಳೆಯ ಎಂಟನ್ನೂ ಮೆಕ್ಯಾನಿಕ್ ಒಳ ವರಾಂಡದಲ್ಲಿ ಇಳಿಸಿ ಹೋದ. ಪೂಜೆ ಕಳೆದ ಮೇಲೆ ಲಾರಿ ಬಂದಾಗ ತಾವೇ ವಾಪಸು ಒಯ್ಯುತ್ತೇವೆ ಎಂದು ಕಂಪನಿಯವರು ಹೇಳಿದರು. ಅಲ್ಲಿಯವರೆಗೆ ಯಾರು ಕಾಯುತ್ತಾರೆ? ಒಂದೊಂದು ಮೂವತ್ತು ಕಿಲೋ ಇದೆ, ನವರಾತ್ರಿ ಎದುರಿಗಿದೆ, ಮಹಾಲಕ್ಷ್ಮಿ ಗೊಂಬೆ ಕೂರಿಸುವ ಜಾಗವೇ ಅದು. ನಮ್ಮ ಗೇಟು ಕಾಯುವ ದರವಾನ ಒಬ್ಬನನ್ನು ಕರೆತಂದ. ಎಡಗೈಗೆ ದಪ್ಪ ತಾಮ್ರದ ಬಳೆ ಹಾಕಿಕೊಂಡ ಮನುಷ್ಯ, ಸೈಕಲ್ ವ್ಯಾನಿನಲ್ಲಿ ಹಳೆ ಬ್ಯಾಟರಿ ಸಂಗ್ರಹಿಸುತ್ತಾನಂತೆ. ನಾಳೆ ಸಂಜೆ ಬಂದು ಒಯ್ಯುತ್ತಾನೆ, ಕೊಟ್ಟು ಕಳಿಸು ಎಂದು ಮಹಾಲಕ್ಷ್ಮಿಗೆ ಹೇಳಿದ್ದೇನೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೆಯಲ್ಲ, ಮರುಬಳಕೆಗೆ ಹೋಗುತ್ತದೆ.

ಅಶ್ವತ್ಥನಾರಾಯಣ ಅವರಿಗೆ ಧಾರಾಳವಾಗಿ ಹೂಂ ಎನ್ನು.

ಓಂಕಾರ

*

ಅಲಿಪುರ
3 ಅಕ್ಟೋಬರ್ 2006

ಅಕ್ಕಾ, ನಮಸ್ಕಾರ.

ಹಬ್ಬ ಮುಗಿಯಿತು. ಗೊಂಬೆಗಳು ಈ ಸಲ ಚೆನ್ನಾಗಿ ಕೂತಿದ್ದವು, ಇಲ್ಲಿನ ಕನ್ನಡದ ಮನೆಯವರೆಲ್ಲ ಬಂದು ಆರತಿ ಮಾಡಿ ಚರ್ಪಿನ ತಿಂಡಿ ತೆಗೆದುಕೊಂಡು ಹೋದರು. ಇವತ್ತು ಗೊಂಬೆಗಳು ಟ್ರಂಕಿಗೆ ಹೋದವು. ಮೆಟ್ಟಿಲಿನ ಬುಡವನ್ನು ಮಾತ್ರ ಮಹಾಲಕ್ಷ್ಮಿ ತೆಗೆದಿಲ್ಲ. ಮೇಲೆ ಜಮಖಾನ ಹಾಸಿ ವರಾಂಡದಲ್ಲಿ ಕಟ್ಟೆಯ ಹಾಗೆ ಉಳಿಸಿದ್ದಾಳೆ, ಬೂಟು ಹಾಕಿಕೊಳ್ಳಲು ಅನುಕೂಲವಾಗಿದೆ. ಅದರ ಮೇಲೆಯೇ ಕೂತು ಬರೆಯುತ್ತಿದ್ದೇನೆ.

ಹೇಳುವಂಥ ವಿಶೇಷವೇನೂ ಇಲ್ಲ. ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ.

ಅಶ್ವತ್ಥನಾರಾಯಣ ಅವರು ಸ್ವಲ್ಪ ದಿನ ತಡೆಯಲಿ.

ಓಂಕಾರ

*

ಮೈಸೂರು
11 ಅಕ್ಟೋಬರ್ 2006

ಓಂಕಾರಾ,

ಅರ್ಧ ಪುಟದ ಪತ್ರ ನಿನ್ನ ಜನ್ಮದಲ್ಲಿ ಇದೇ ಮೊದಲು. ಎರಡು ಮಾತು ಹಿಡಿದುಕೊಂಡೆ. ಒಂದು, ಬಸ್ಸು. ಇನ್ನೊಂದು, ತಡೆಯಲಿ.

ಕಾರು ಕೆಟ್ಟಿದೆ ತಾನೆ? ಹೊಸ ಬ್ಯಾಟರಿ ಕೈಕೊಟ್ಟಿದೆ, ಅಕ್ಕನ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ನಾಚಿಕೊಳ್ಳಬೇಡ, ನಾನು ನಗುವುದಿಲ್ಲ. ನಕ್ಕರೂ ಮೈಸೂರಿನಲ್ಲಿ ನಗುತ್ತೇನೆ, ನಿನಗೇನು ಕೇಳಿಸುತ್ತದೆಯೇ? ಈ ಪತ್ರ ಮುಟ್ಟುವುದರೊಳಗೆ ರಿಪೇರಿ ಮಾಡಿಸಿಕೊಂಡು ಓಡಾಡು. ನಿನ್ನ ವಯಸ್ಸಿಗೆ ಆ ಬಸ್ಸುಗಳಲ್ಲಿ ಜೋತಾಡುವುದು ಬೇಡ.

ಮಹಾಲಕ್ಷ್ಮಿ ಪ್ರತಿ ವರ್ಷ ಗೊಂಬೆಗಳ ಫೋಟೋ ಕಳಿಸುತ್ತಾಳೆ, ಈ ಸಲ ಇನ್ನೂ ಬಂದಿಲ್ಲ. ಸ್ಟುಡಿಯೋದವನಿಗೆ ಪೂಜೆಯ ರಜವೇನೋ. ನೆನಪಿಸು. ಅಮ್ಮನ ಕಾಲದ ಪಟ್ಟದ ಗೊಂಬೆಗಳನ್ನು ಆ ಫೋಟೋದಲ್ಲೇ ನಾನು ನೋಡುವುದು.

ತುಂಗಕ್ಕ

*

ಅಲಿಪುರ
18 ಅಕ್ಟೋಬರ್ 2006

ಅಕ್ಕಾ,

ಕಾರು ಕೆಟ್ಟಿಲ್ಲ. ಕಾರು ಬಹಳ ಚೆನ್ನಾಗಿದೆ. ನನಗೇ ಅದರಲ್ಲಿ ಕೂರಲು ಮನಸ್ಸಾಗುತ್ತಿಲ್ಲ. ಇದನ್ನು ಮಹಾಲಕ್ಷ್ಮಿಗೂ ಹೇಳಿಲ್ಲ. ನಿನಗೂ ಹೇಳುವ ಧೈರ್ಯ ಇರಲಿಲ್ಲ, ಏಕೆಂದರೆ ನೀನು ಜೂನ್‌ನಲ್ಲೇ ಕೇಳಿದ್ದೆ.

ಸಪ್ತಮಿಯ ದಿನ ಬೆಳಿಗ್ಗೆ ಝರ್ನಾ ಟುಕುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಗುವಿಗೆ ಹದಿನೈದು ದಿನಗಳಿಂದ ಹೊಟ್ಟೆನೋವು, ಊಟ ಸೇರದು, ಮುಖ ಬಿಳಿಚಿಕೊಂಡಿತ್ತು. ಮಹಾಲಕ್ಷ್ಮಿ ಒಳಗೆ ನೈವೇದ್ಯಕ್ಕೆ ಒಲೆಯ ಮೇಲೆ ಇಟ್ಟಿದ್ದಳು, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಪೂಜೆಯ ದಿನ ಟ್ಯಾಕ್ಸಿ ಸಿಗುವುದುಂಟೇ? ಚುಪ್ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಎಣಿಸು ನೋಡೋಣ ಎಂದು ನಾನೇ ಒಂದು ಎಂದೆ. ಅವಳು ಎರಡು ಎನ್ನಲಿಲ್ಲ. ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡಳು.

ಮಕ್ಕಳ ಆಸ್ಪತ್ರೆಯ ಡಾಕ್ಟರು ವಯಸ್ಸಾದ ಹೆಂಗಸು. ಹೊಟ್ಟೆ ಮುಟ್ಟಿ ನೋಡಿದರು, ಒಸಡು ನೋಡಿದರು, ಆಮೇಲೆ ಝರ್ನಾಳನ್ನು ಕೇಳಿದರು, ಮನೆಯ ಹತ್ತಿರ ಯಾರಾದರೂ ಬ್ಯಾಟರಿ ಒಡೆಯುತ್ತಾರೆಯೇ ಎಂದು. ಒಡೆಯುತ್ತಾರೆ, ಗಲ್ಲಿಯ ಕೊನೆಯಲ್ಲೇ, ಎಂದಳು. ರಕ್ತದಲ್ಲಿ ಸೀಸ ಇದೆಯೇ ಎಂದು ನೋಡಬೇಕು, ಸ್ಯಾಂಪಲ್ಲನ್ನು ಹೊರಗೆ ಕಳಿಸಬೇಕು, ರಜೆಯೆಲ್ಲ ಸೇರಿ ನಾಲ್ಕು ವಾರ ಹಿಡಿಯುತ್ತದೆ ಎಂದರು. ಸೀಸ ಹೆಚ್ಚಾಗಿದ್ದರೆ ಏನಾಗುತ್ತದೆ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ, ಝರ್ನಾಗೆ ತಿಳಿಯಬಾರದೆಂದು. ಮಕ್ಕಳ ಬುದ್ಧಿಗೇ ಪೆಟ್ಟು, ಒಮ್ಮೆ ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ ಎಂದರು.

ಅವರನ್ನು ಮನೆಗೆ ಬಿಡಲು ಕಸ್ಬಾಗೆ ಹೋದೆ. ಎರಡು ವರ್ಷದಿಂದ ನಮ್ಮ ಪಾತ್ರೆ ತೊಳೆಯುವವಳ ಮನೆಯನ್ನು ನಾನು ನೋಡಿರಲಿಲ್ಲ. ಬೇರೆ ಯಾವ ಕಾರೂ ಹೋಗದ ಗಲ್ಲಿಯಲ್ಲಿ ನನ್ನದು ಹೋಯಿತು. ಕೊನೆಯಲ್ಲಿ ತಗಡಿನ ಬೇಲಿ, ಅದರಾಚೆ ಒಡೆದ ಬ್ಯಾಟರಿ ಚಿಪ್ಪುಗಳ ಗುಡ್ಡೆ, ಒಂದು ಕುಲುಮೆ. ಚರಂಡಿಯ ನೀರು ಬೂದಿ ಬಣ್ಣಕ್ಕಿತ್ತು. ಝರ್ನಾಳ ಮನೆಯ ಬಾಗಿಲು ಅಲ್ಲಿಂದ ಇಪ್ಪತ್ತು ಹೆಜ್ಜೆ. ಬೇಲಿಯ ಹತ್ತಿರ ನಿಂತಿದ್ದವನು ನನ್ನನ್ನು ಗುರುತು ಹಿಡಿದು ನಕ್ಕು ಸಲಾಮು ಹೊಡೆದ. ಎಡಗೈಯಲ್ಲಿ ತಾಮ್ರದ ಬಳೆ.

ನಾನು ಇಳಿದು ಆ ಗುಡ್ಡೆಯಲ್ಲಿ ಬಿಳಿ ಬಣ್ಣದ ಅಂಕಿಗಳಿಗಾಗಿ ಹುಡುಕಿದೆ. ಎಲ್ಲ ಚೂರುಚೂರು, ಯಾವುದು ಯಾರದೆಂದು ತಿಳಿಯಲಿಲ್ಲ. ಅವನನ್ನು ಕೇಳದೆ ಕಾರು ಹತ್ತಿದೆ. ಎಂಟು ಬ್ಯಾಟರಿ ಅಕ್ಕಾ, ನೂರು ಕಿಲೋಗೂ ಮೀರಿದ ಸೀಸ. ಅವಳು ಮಲಗುವ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಅದನ್ನು ಕರಗಿಸಿದರು, ಕಳಿಸಿದವನು ನಾನು. ಅವನು ಒಯ್ದದ್ದು ಹದಿನೈದಕ್ಕೆ, ಮಗು ಮಲಗಿದ್ದೂ ಅದೇ ಸುಮಾರಿಗೆ.

ಆಯುಧ ಪೂಜೆಯ ದಿನ ಮಹಾಲಕ್ಷ್ಮಿ ಕುಂಕುಮದ ಬಟ್ಟಲು ಕೊಟ್ಟಾಗ ಕಾರಿಗೆ ಇಡಲು ಕೈ ಏಳಲಿಲ್ಲ. ಬೆನ್ನು ಹಿಡಿದಿದೆ ಎಂದು ಸುಳ್ಳು ಹೇಳಿದೆ. ಅವಳೂ ಈಗೀಗ ನನ್ನೊಡನೆ ಹೆಚ್ಚು ಮಾತಾಡುತ್ತಿಲ್ಲ, ಏನೋ ಸಂಶಯ ಬಂದಿರಬೇಕು. ರಿಪೋರ್ಟು ಇನ್ನೂ ಬಂದಿಲ್ಲ. ಝರ್ನಾ ದಿನಾ ಬಂದು ನನ್ನ ಲೋಟ ತೊಳೆದಿಡುತ್ತಾಳೆ, ಆ ಲೋಟದಲ್ಲಿ ನಾನು ಕಾಫಿ ಕುಡಿಯುತ್ತೇನೆ.

ಓಂಕಾರ

*

ಮೈಸೂರು
24 ಅಕ್ಟೋಬರ್ 2006
ಸ್ಪೀಡ್ ಪೋಸ್ಟ್

ಓಂಕಾರಾ,

ಎದ್ದು ನಿಲ್ಲು. ಆ ಕಟ್ಟೆಯ ಮೇಲೆ ಕೂತು ಓದುತ್ತಿದ್ದರೆ ಮೊದಲು ಅದರಿಂದ ಏಳು. ಜಮಖಾನ ಎತ್ತು, ಹಲಗೆ ಎತ್ತು, ನೋಡು. ನೋಡಿ ಬಂದು ಮುಂದೆ ಓದು.

ಗೊಂಬೆಗಳ ಫೋಟೋ ಹೋದ ವಾರ ಬಂತು. ಹಿಂದುಗಡೆ ನಿನ್ನ ಹೆಂಡತಿ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದದ್ದನ್ನು ಇದ್ದ ಹಾಗೇ ಇಳಿಸುತ್ತೇನೆ: "ಅತ್ತಿಗೆ, ಈ ಸಲ ಮೆಟ್ಟಿಲು ಎಷ್ಟು ಸಮ ಬಂದಿದೆ ನೋಡಿ. ಬುಡಕ್ಕೆ ಇಟ್ಟಿರೋದು ಕಾರಿನ ಹಳೇ ಬ್ಯಾಟರಿ, ಎಂಟೂ ಒಂದೇ ಎತ್ತರ. ಕೊಟ್ಟು ಕಳಿಸು ಅಂದಿದ್ರು, ನಾನು ಕೊಡಲಿಲ್ಲ. ಅವರಿಗೆ ಹೇಳ್ಬೇಡಿ."

ನಾನೂ ಹೇಳುತ್ತಿರಲಿಲ್ಲ. ಓದಿ ನಕ್ಕು ಫೋಟೋವನ್ನು ದೇವರ ಪಟದ ಪಕ್ಕ ಇಟ್ಟಿದ್ದೆ. ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಅದನ್ನು ಓದಿ ಮುಗಿಸಿದವಳೇ ಪಕ್ಕದ ಮನೆಗೆ ಹೋದೆ. ಅಶ್ವತ್ಥನಾರಾಯಣ ಅವರ ಮನೆಯಿಂದ ಎರಡು ಸಲ ಫೋನು ಮಾಡಿಸಿದೆ. ಎರಡು ಸಲವೂ ಮಹಾಲಕ್ಷ್ಮಿಯೇ ಎತ್ತಿದಳು. ನೀನು ಅವಳಿಗೆ ಹೇಳಿಲ್ಲ, ಅವಳು ನಿನಗೆ ಹೇಳಿಲ್ಲ, ನಡುವೆ ನಾನೊಬ್ಬ ಕಿವುಡಿ. ಆ ಪುಣ್ಯಾತ್ಮರ ಬಾಯಿಂದ ಯಾರ ಗುಟ್ಟನ್ನು ಯಾರಿಗೆ ಹೇಳಿಸಲಿ? ಕ್ಷೇಮ ಕೇಳಿ ಇಡಿಸಿದೆ.

ಒಂದೇ ಮನೆಯಲ್ಲಿ ಇದ್ದುಕೊಂಡು ಒಬ್ಬರನ್ನೊಬ್ಬರು ಒಂದು ಮಾತು ಕೇಳದವರಿಗೆ ನಾನು ಎರಡು ಸಾವಿರ ಕಿಲೋಮೀಟರ್ ದೂರದಿಂದ ಅವರ ವರಾಂಡದಲ್ಲಿ ಏನಿದೆ ಎಂದು ತಿಳಿಸಬೇಕು. ಸಿಟ್ಟು ಬರುತ್ತದೆ ಓಂಕಾರ. ಸಿಟ್ಟಿಗಿಂತ ಹೆಚ್ಚು ಸಮಾಧಾನವಾಗಿದೆ, ಅದನ್ನೂ ಬರೆಯುತ್ತೇನೆ. ಮೂರು ವಾರ ನೀನು ಪಟ್ಟ ಸಂಕಟ ಓದಿ ಅತ್ತುಬಿಟ್ಟೆ.

ಮಗುವಿನ ರಿಪೋರ್ಟು ಬಂದ ದಿನವೇ ಬರೆ. ನನಗೆ ಬೇಕಾದದ್ದು ಅದು.

ಅಕ್ಕ

*

ಅಲಿಪುರ
1 ನವೆಂಬರ್ 2006

ಅಕ್ಕಾ,

ಎದ್ದು ನಿಂತೆ. ಶುಕ್ರವಾರ ಸಂಜೆ ಆಫೀಸಿನಿಂದ ಬಂದು ಅದರ ಮೇಲೆಯೇ ಕೂತು ಬೂಟು ಬಿಚ್ಚುತ್ತಾ ನಿನ್ನ ಕವರು ಒಡೆದಿದ್ದೆ. ಒಂದು ಕಾಲಲ್ಲಿ ಬೂಟು ಇದ್ದ ಹಾಗೇ ಜಮಖಾನ ಎಳೆದೆ, ಹಲಗೆ ಎತ್ತಿದೆ. ೧, ೨, ೩, ೪. ಹಿಂದಿನ ಸಾಲಿನಲ್ಲಿ ೫, ೬, ೭, ೮. ಎಂಟರ ಮೇಲೆ ಗೊಂಬೆಯ ಚಮಕಿ ಬಿದ್ದಿತ್ತು. ಅಲ್ಲೇ ನೆಲದ ಮೇಲೆ ಕೂತು ಒಂದೊಂದನ್ನೂ ಮುಟ್ಟಿ ನೋಡಿದೆ. ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಮಹಾಲಕ್ಷ್ಮಿ ಅಡಿಗೆಮನೆಯಿಂದ ಬಂದವಳು ಎತ್ತಿದ ಹಲಗೆ ನೋಡಿ ನಿಂತುಬಿಟ್ಟಳು. ಬೈಗುಳ ಬರುತ್ತದೆಂದು ಕಾದಿದ್ದಳಂತೆ. ದಸರಾದಿಂದಲೂ ನಾನು ಮುಖ ಗಂಟು ಹಾಕಿಕೊಂಡಿದ್ದದ್ದು ಇದು ಗೊತ್ತಾಗಿಯೇ ಎಂದು ಅವಳು ತಿಳಿದಿದ್ದಳು, ಅದಕ್ಕೇ ಮಾತಾಡುತ್ತಿರಲಿಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳಿದೆ.

"ಅವನು ಬಂದಿದ್ದು ಶುಕ್ರವಾರ, ನಾನು ದೀಪ ಹಚ್ಚಿ ಆಗಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಏನಾದ್ರೂ ಹೊರಗೆ ಕೊಡ್ತಾರೇನ್ರೀ? ಸೋಮವಾರ ಬಾ ಅಂದೆ."

ಸೋಮವಾರ ಬಂದ ಅವನನ್ನು ಬರಿಗೈಯಲ್ಲಿ ಕಳಿಸಿದ್ದಾಳೆ. ಅಷ್ಟರಲ್ಲಿ ಅವಳ ಕಣ್ಣಿಗೆ ಎಂಟೂ ಒಂದೇ ಎತ್ತರವಿರುವುದು ಬಿದ್ದಿತ್ತು. ಇಪ್ಪತ್ತೆಂಟು ವರ್ಷದಿಂದ ಒಂದು ಟ್ರಂಕು ಎತ್ತರ, ಒಂದು ಡಬ್ಬ ಗಿಡ್ಡ ಎಂದು ಒದ್ದಾಡುತ್ತಿದ್ದವಳು ದರವಾನರಿಬ್ಬರನ್ನು ಕರೆದು ಸಾಲಾಗಿ ಜೋಡಿಸಿಕೊಂಡಿದ್ದಾಳೆ. ನನಗೆ ಹೇಳಿದ್ದರೆ ಆಸಿಡ್ಡು, ಗ್ಯಾಸು ಎಂದು ಪಾಠ ಮಾಡುತ್ತಿದ್ದೆನಂತೆ. ಮಾಡುತ್ತಿದ್ದೆ. ಆಸಿಡ್ಡಿನ ಡಬ್ಬಗಳ ಮೇಲೆ ಒಂಬತ್ತು ದಿನ ಎಣ್ಣೆದೀಪ ಉರಿಸಿದ್ದಾಳೆ, ಇಂಜಿನಿಯರಾಗಿ ನಾನು ಇವತ್ತೂ ಕೂಗಾಡಬೇಕು. ಕೂಗಾಡಲಿಲ್ಲ. ಕೈಮುಗಿದೆ. ಆ ಬಳೆಯವನು ಗಲ್ಲಿಯಲ್ಲಿ ನಕ್ಕದ್ದು ಕೃತಜ್ಞತೆಯಿಂದಲ್ಲ, ಇವತ್ತಲ್ಲ ನಾಳೆ ಬ್ಯಾಟರಿ ಸಿಕ್ಕೀತು ಎಂಬ ಆಸೆಯಿಂದ.

ಆಮೇಲೆ ಎಲ್ಲವನ್ನೂ ಅವಳಿಗೆ ಹೇಳಿದೆ. ನನ್ನ ಬ್ಯಾಟರಿಗಳಲ್ಲವಲ್ಲ, ಬದುಕಿದೆ ಎಂದೂ ಹೇಳಿದೆ. ಅವಳು ಹಲಗೆಯನ್ನು ಗೋಡೆಗೆ ಒರಗಿಸಿ, "ಹಂಗಾದ್ರೆ ಯಾರದೋ ಬ್ಯಾಟರಿ. ಮಗು ಅದೇ ಅಲ್ವಾ?" ಎಂದಳು. ನನಗೆ ನನ್ನ ಸಂತೋಷದ ಬಗ್ಗೆಯೇ ನಾಚಿಕೆಯಾಯಿತು. ಆ ಸಂಜೆಯೇ ಹಿತ್ತಿಲ ಔಟ್‌ಹೌಸ್ ಖಾಲಿ ಮಾಡಿದೆವು. ನನ್ನ ಟೂಲುಗಳು, ಹಳೆ ಫ್ಯಾನುಗಳು ತುಂಬಿದ್ದ ಕೋಣೆ ಅದು. ಭಾನುವಾರ ಝರ್ನಾ, ಅವಳ ಗಂಡ, ಟುಕು ಅಲ್ಲಿಗೆ ಬಂದರು. ಬಟ್ಟೆ ಪಾತ್ರೆಗಳನ್ನು ತರಲು ಚುಪ್ ಗಾಡಿಯಲ್ಲಿ ಐದು ಟ್ರಿಪ್ಪು ಹೊಡೆದೆ. ಎಲ್ಲವನ್ನೂ ಅಂಗಳದಲ್ಲೇ ತೊಳೆದು ಒಳಗೆ ತಂದದ್ದು ಮಹಾಲಕ್ಷ್ಮಿ.

ರಿಪೋರ್ಟು ಇವತ್ತು ಬಂತು. ಡಾಕ್ಟರ ಮುಂದೆ ನಾವು ನಾಲ್ವರೂ ಕೂತಿದ್ದೆವು. ಹದಿನಾಲ್ಕು. ಹತ್ತರ ಒಳಗಿರಬೇಕು, ನಲವತ್ತೈದು ದಾಟಿದರೆ ಆಸ್ಪತ್ರೆಗೆ ಸೇರಿಸಬೇಕಂತೆ. ಸೀಸ ಒಳಗೆ ಹೋಗಿದೆ, ಆದರೆ ಬೇಗ ಸಿಕ್ಕಿದೆ, ಆ ಜಾಗ ಬಿಟ್ಟು, ಕಬ್ಬಿಣದ ಟಾನಿಕ್, ಹಾಲು, ಸೊಪ್ಪು ಕೊಟ್ಟರೆ ಇಳಿಯುತ್ತದೆ ಎಂದರು. ಹೊಟ್ಟೆನೋವಿಗೆ ಜಂತುಹುಳವೂ ಕಾರಣವಂತೆ, ಔಷಧಿ ಕೊಟ್ಟಿದ್ದಾರೆ. ಝರ್ನಾಗೆ ನಾನೇ ಬಂಗಾಳಿಯಲ್ಲಿ ಹೇಳಿದೆ, ಈ ಸಲ ಏನನ್ನೂ ಬಚ್ಚಿಡದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮಗುವನ್ನು ಮಹಾಲಕ್ಷ್ಮಿಯ ತೊಡೆಯ ಮೇಲೆ ಕೂರಿಸಿದಳು. ಎಷ್ಟೋ ದಿನದ ಮೇಲೆ ನನಗೆ ಉಸಿರು ಪೂರ್ತಿ ಒಳಗೆ ಹೋಯಿತು.

ಮೂರು ತಿಂಗಳಿಗೆ ಮತ್ತೆ ರಕ್ತ ನೋಡಬೇಕು. ಆಗ ಇಳಿದಿದ್ದರೆ ಗೆದ್ದ ಹಾಗೆ.

ಓಂಕಾರ

*

ಅಲಿಪುರ
4 ಫೆಬ್ರವರಿ 2007, ಭಾನುವಾರ

ಅಕ್ಕಾ, ನಮಸ್ಕಾರ.

ಮೊದಲೇ ಬರೆದುಬಿಡುತ್ತೇನೆ: ಏಳು. ಹದಿನಾಲ್ಕು ಇದ್ದದ್ದು ಏಳಾಗಿದೆ. ಡಾಕ್ಟರು ನಕ್ಕಿದ್ದನ್ನು ಮೊದಲ ಸಲ ನೋಡಿದೆ. ಇನ್ನು ಹೆದರಬೇಕಾಗಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಎಂದರು.

ಹಳೆಯ ಎಂಟನ್ನು ಕಂಪನಿಯ ಲಾರಿ ಡಿಸೆಂಬರಿನಲ್ಲೇ ಒಯ್ದಿತು. ಅಷ್ಟಕ್ಕೆ ಬಿಡಲಿಲ್ಲ, ಎಲ್ಲಿ ಕರಗಿಸುತ್ತೀರಿ, ಲೈಸೆನ್ಸ್ ಇದೆಯೇ ಎಂದು ಪತ್ರ ಬರೆದು ಉತ್ತರ ತರಿಸಿಕೊಂಡೆ. ಕಸ್ಬಾದ ಗಲ್ಲಿಯವರೆಲ್ಲ ಸಹಿ ಹಾಕಿದ ಅರ್ಜಿಯನ್ನು ನಾನೇ ಬರೆದುಕೊಟ್ಟೆ, ಕುಲುಮೆ ಮುಚ್ಚಿತು. ಬಳೆಯವನು ಬೇರೆ ಕಡೆ ಹೋಗಿದ್ದಾನಂತೆ. ಅಲ್ಲೂ ಯಾರದೋ ಮನೆ ಇಪ್ಪತ್ತು ಹೆಜ್ಜೆಯಲ್ಲಿರುತ್ತದೆ, ಆ ಯೋಚನೆ ಹೋಗಿಲ್ಲ.

ಅಶ್ವತ್ಥನಾರಾಯಣ ಅವರಿಗೆ ಈಗ ಉತ್ತರ ಹೇಳಬಲ್ಲೆ. ದಿನಕ್ಕೆ ಮೂವತ್ತು ಕಿಲೋಮೀಟರ್ ಒಳಗಿನ ಓಡಾಟವಾದರೆ ಕೊಳ್ಳಲಿ, ಅವರ ಹೆಂಡತಿಯ ಮಂಡಿಗೆ ಒಳ್ಳೆಯದು. ಆದರೆ ಹೊಸ ಬ್ಯಾಟರಿ ಬರುವ ದಿನ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವ ದಿನವೇ ಬರೆಸಿಕೊಳ್ಳಲಿ. ಬರೆದುಕೊಡದಿದ್ದರೆ ಬೇಡ. ನಾನು ಈಗ ಮತ್ತೆ ಕಾರಿನಲ್ಲೇ ಓಡಾಡುತ್ತೇನೆ, ಸಿಗ್ನಲ್ಲಿನಲ್ಲಿ ಜಂಬ ಮಾತ್ರ ಬರುವುದಿಲ್ಲ. ವರಾಂಡದ ಕಟ್ಟೆ ಹೋದದ್ದಕ್ಕೆ ಮಹಾಲಕ್ಷ್ಮಿ ಇನ್ನೂ ಗೊಣಗುತ್ತಾಳೆ, ಬರುವ ನವರಾತ್ರಿಯೊಳಗೆ ಒಂದೇ ಎತ್ತರದ ಎಂಟು ಮರದ ಪೆಟ್ಟಿಗೆ ಮಾಡಿಸಿಕೊಡುವ ಒಪ್ಪಂದವಾಗಿದೆ.

ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದೆ. ಅಂಕಿ ಬರೆದಿದ್ದೇನೆ, ಹಿಂದಿನ ಹಾಗೆಯೇ. ಟುಕು ಔಟ್‌ಹೌಸಿನಿಂದ ಓಡಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನು ಬೇಕೆಂದೇ ಎಣಿಸಲಿಲ್ಲ, ಆಸೆ ಇಟ್ಟುಕೊಳ್ಳಲು ಭಯ. ನಾನು ಮುಗಿಸಿ ಮುಚ್ಚಳ ಹಾಕಲು ಹೊರಟಾಗ ನನ್ನ ಕೈ ಹಿಡಿದುಕೊಂಡಳು. ಒಂದೊಂದರ ಮೇಲೂ ಬೆರಳಿಟ್ಟು ಒಂದು, ಎರಡು, ಮೂರು ಎಂದು ಶುರುಮಾಡಿ, ಐದು ದಾಟಿ ಆರು ಎಂದಳು. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ದಾದು, ಏಳು ಬಾಕಿ" ಎಂದಳು.

ಬಗ್ಗಿ ನೋಡಿದೆ. ಏಳಕ್ಕೆ ನೀರು ಹಾಕುವುದನ್ನು ನಾನು ಮರೆತೇಬಿಟ್ಟಿದ್ದೆ.

ಓಂಕಾರ